ಗ್ರಾಫ್ ಪುಸ್ತಕದಿಂದ ತೇರು ಎಳೆದದ್ದು

ಕಾಕೂ ತಂದ ಪುಸ್ತಕದ ರಟ್ಟು ಕಿತ್ತುಹೋಗಿತ್ತು. ಒಳಗೆ ಹೈಸ್ಕೂಲ್ ಮಕ್ಕಳು ಬಳಸುವ ಗ್ರಾಫ್ ಹಾಳೆಗಳು. ಎಲ್ಲ ಹಸಿರು ಗೆರೆಯವು: ಮಿಲಿಮೀಟರಿಗೊಂದು ತೆಳು ಗೆರೆ, ಸೆಂಟಿಮೀಟರಿಗೊಂದು ದಪ್ಪ ಗೆರೆ. ಅದರ ಮೇಲೆ ಅವರ ತಾಯಿ ನೀಲಿ ಶಾಯಿಯಲ್ಲಿ ಬರೆದಿಟ್ಟ ಕಸೂತಿ ವಿನ್ಯಾಸಗಳಿದ್ದವು. ಗೋಪುರ, ತುಳಸಿಕಟ್ಟೆ, ಅಂಬಾರಿ ಆನೆ, ನವಿಲು, ತೊಟ್ಟಿಲು. ನಡುವೆ ಒಂದು ಪುಟದ ತುಂಬ ತೇರು. ಒಟ್ಟು 41 ಪುಟ.

ಕಾಕೂ ಧಾರವಾಡದ ತಮ್ಮ ಮನೆಯಲ್ಲೇ ಕೆಲವು ಹುಡುಗಿಯರಿಗೆ ಕಸೂತಿ ಕಲಿಸುತ್ತಾರೆ. ಜೆರಾಕ್ಸ್‌ನ ಜೆರಾಕ್ಸ್ ಮಾಡಿಸಿ ಮಾಡಿಸಿ ಗೆರೆಗಳೆಲ್ಲ ಮಸಿಯಾಗಿದ್ದವು. "ದೊಡ್ಡದು ಮಾಡಿ ಕೊಡು ತಮ್ಮಾ. ಹುಡುಗ್ಯಾರಿಗೆ ಮನಿ ಎಣಿಸ್ಲಿಕ್ಕೆ ಬರಬೇಕು" ಅಂದರು. ಮನಿ ಅಂದರೆ ಗ್ರಾಫಿನ ಚೌಕ. ನಾನು ಲಗ್ನಪತ್ರಿಕೆ, ಅಂಗಡಿ ಬೋರ್ಡು ವಿನ್ಯಾಸ ಮಾಡುವವನು. ಸ್ಕ್ಯಾನ್ ಮಾಡಿ ವೆಕ್ಟರ್‌ಗೆ (ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ಗೆರೆಗಳ ಚಿತ್ರಕ್ಕೆ) ಬದಲಿಸಿದರೆ ಮುಗೀತು, ಪುಟಕ್ಕೆ ಹತ್ತು ನಿಮಿಷ ಅಂದುಕೊಂಡೆ. ಒಂದೂವರೆ ತಿಂಗಳ ಸಂಜೆಗಳು ಹೋದವು. ಇಲ್ಲಿ ತೇರಿನ ಪುಟದ ಕಥೆಯನ್ನಷ್ಟೇ ಹೇಳುತ್ತೇನೆ. ಬೇರೆ ಪುಟಗಳಲ್ಲಿ ಬಂದ ತೊಂದರೆಗಳೆಲ್ಲ ಅದೊಂದರಲ್ಲೇ ಇದ್ದವು.

ಮೊದಲ ಪ್ರಯತ್ನ ನನ್ನ ಸೋಮಾರಿತನದ್ದು. ಕಿಟಕಿ ಹತ್ತಿರ ಪುಸ್ತಕ ಹರವಿ ಮೊಬೈಲಿನಲ್ಲಿ ಫೋಟೋ ಹೊಡೆದೆ. ಇಂಕ್‌ಸ್ಕೇಪ್ ಎಂಬ ವೆಕ್ಟರ್ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ಗೆ ಹಾಕಿ, ಫೋಟೋವನ್ನು ಗೆರೆಗಳಾಗಿ ಬದಲಿಸುವ ಬಿಟ್‌ಮ್ಯಾಪ್ ಟ್ರೇಸ್ ಒತ್ತಿ, ಬಂದದ್ದನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಒಯ್ದೆ. ಕಾಕೂ ಕನ್ನಡಕ ಏರಿಸಿ ನೋಡಿದರು. ಆಮೇಲೆ ನಗತೊಡಗಿದರು. "ಗಾಲಿ ಖರೇನೇ ದುಂಡಗ ಮಾಡೀಯಲ್ಲೋ!"

ತೇರಿನ ಗಾಲಿ ದುಂಡಗಿರಬೇಕಲ್ವಾ ಅನ್ನಬಹುದು. ಕಸೂತಿಯಲ್ಲಿ ಇರುವುದಿಲ್ಲ. ಅಡ್ಡ, ಉದ್ದ, ಓರೆ ಅಂತ ಮೂರೇ ದಿಕ್ಕಿನ ಹೊಲಿಗೆ. ಹಾಗಾಗಿ ಗಾಲಿಗೆ ಎಂಟು ಮೂಲೆ. ಸಾಫ್ಟ್‌ವೇರ್ ಆ ಎಂಟು ಮೂಲೆಗಳನ್ನೂ ನೀಟಾಗಿ ಸವರಿ ಚಕ್ರ ಮಾಡಿಬಿಟ್ಟಿತ್ತು. ಪ್ರಿಂಟ್ ನೋಡಲು ಚಂದವೇ ಇತ್ತು. ಆದರೆ ಅದನ್ನು ಹೊಲಿಯಲು ಬರುವುದಿಲ್ಲ.

ಹೀಗಾದದ್ದು ಯಾಕೆ ಅಂತ ತಿಳಿಯಲು ಟ್ರೇಸ್ ಅನ್ನುವುದು ಒಳಗೆ ಏನು ಮಾಡುತ್ತದೆ ಅಂತ ನೋಡಬೇಕು. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಗೆರೆ ಅನ್ನುವುದೇ ಇಲ್ಲ. ಇರುವುದು ಬಣ್ಣದ ಚುಕ್ಕಿಗಳು, ಅಂದರೆ ಪಿಕ್ಸೆಲ್‌ಗಳು. ನಮ್ಮ ಕಣ್ಣಿಗೆ ಮಾತ್ರ ಅವು ಗೆರೆಯಾಗಿ ಕಾಣುತ್ತವೆ. ಇಂಕ್‌ಸ್ಕೇಪ್ ಒಳಗೆ ಈ ಕೆಲಸ ಮಾಡುವುದು ಪೋಟ್ರೇಸ್ ಎಂಬ ಪ್ರೋಗ್ರಾಂ. ಪೀಟರ್ ಸೆಲಿಂಗರ್ ಎಂಬ ಗಣಿತಜ್ಞರು 2001ರಲ್ಲಿ ಅದನ್ನು ಹೊರತಂದರು. ಅದು ಚಿತ್ರವನ್ನು ಕಪ್ಪು ಬಿಳಿ ಮಾಡಿಕೊಂಡು, ಕಪ್ಪು ಭಾಗದ ಅಂಚಿನಗುಂಟ ನಡೆದು, ಆ ಅಂಚಿಗೆ ನಯವಾದ ಬಾಗುಗೆರೆ ಕೂರಿಸುತ್ತದೆ. ಅಕ್ಷರ, ಲೋಗೋ, ತುಂಬಿದ ಆಕಾರಗಳಿಗೆ ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಮೂಲೆಯನ್ನು ಎಷ್ಟು ಸವರಬೇಕು ಅಂತ ಹೇಳಲು ಅದರಲ್ಲಿ ಒಂದು ಅಳತೆ ಇದೆ. ಸೊನ್ನೆ ಕೊಟ್ಟರೆ ಎಲ್ಲವೂ ಮೂಲೆ ಮೂಲೆ. 1.33 ದಾಟಿದರೆ ಒಂದು ಮೂಲೆಯೂ ಉಳಿಯುವುದಿಲ್ಲ. ನಾವು ಮುಟ್ಟದಿದ್ದರೆ ಅದು 1ರಲ್ಲಿ ಇರುತ್ತದೆ. ನಾನು ಮುಟ್ಟಿರಲಿಲ್ಲ.

ಗಾಲಿಯನ್ನು ಹಾಗೆ ಸರಿ ಮಾಡಬಹುದಿತ್ತು. ದೊಡ್ಡ ತೊಂದರೆ ಬೇರೆ ಇತ್ತು. ಪೆನ್ನಿನಿಂದ ಎಳೆದ ಒಂದು ಗೆರೆ ಪೋಟ್ರೇಸ್‌ಗೆ ಒಂದು ಸಣಕಲು ಆಕಾರ. ಆ ಆಕಾರಕ್ಕೆ ಎರಡು ಅಂಚು. ಅಂದರೆ ನನ್ನ ಫೈಲಿನಲ್ಲಿ ಒಂದೊಂದು ಹೊಲಿಗೆಗೂ ಎರಡೆರಡು ಗೆರೆ, ನಡುವೆ ಕಪ್ಪು ಬಣ್ಣ. ಗೆರೆ ಸ್ವಲ್ಪ ತೆಳು ಮಾಡು ಅಂದರೆ ಆಗದು, ಯಾಕೆಂದರೆ ಅಲ್ಲಿ ಗೆರೆಯೇ ಇಲ್ಲ. ನೋಡ್‌ಗಳು (ಗೆರೆಯನ್ನು ಹಿಡಿದಿಡುವ ಬಿಂದುಗಳು) ಐದು ಸಾವಿರದ ಮೇಲಿದ್ದವು. ತೇರಿನಲ್ಲಿ ಇದ್ದದ್ದು 612 ಹೊಲಿಗೆ (ಇದು ಆಮೇಲೆ ಗೊತ್ತಾದ ಲೆಕ್ಕ).

ಸರಿ, ಮೊದಲಿಂದ ಶುರು ಮಾಡೋಣ ಅಂದುಕೊಂಡೆ. ಈ ಸಲ ಫ್ಲಾಟ್‌ಬೆಡ್ ಸ್ಕ್ಯಾನರ್. ಪುಸ್ತಕದ ಹೊಲಿಗೆ ಬಿಚ್ಚಲು ಕಾಕೂ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಮೇಲೆ ದಪ್ಪ ನಿಘಂಟು ಇಟ್ಟು ಒತ್ತಿ, 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕಿ), ಬಣ್ಣದಲ್ಲೇ ಸ್ಕ್ಯಾನ್ ಮಾಡಿ ಟಿಫ್ ಫೈಲಾಗಿ ಉಳಿಸಿದೆ. ಜೆಪೆಗ್ ಬೇಡ. ಅದು ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕ ಮಾಡಿ ಕುಗ್ಗಿಸುತ್ತದೆ, ಹಾಗಾಗಿ ತೆಳು ಗೆರೆಯ ಸುತ್ತ ಮಬ್ಬು ಕಟ್ಟುತ್ತದೆ. ಟ್ರೇಸ್ ಮಾಡುವಾಗ ಆ ಮಬ್ಬೂ ಗೆರೆಯ ಪಾಲಾಗುತ್ತದೆ. 600 ಡಿಪಿಐ ಯಾಕೆಂದರೆ, ಶಾಯಿ ಗೆರೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಇತ್ತು. 600ರಲ್ಲಿ ಅದು 12 ಪಿಕ್ಸೆಲ್ ಆಗುತ್ತದೆ, 300ರಲ್ಲಿ ಆರೇ. ಶಾಯಿ ಮಾಸಿದ ಕಡೆ ಆರರಲ್ಲಿ ಮೂರು ಹೋದರೆ ಉಳಿಯುವುದು ಏನು?

ಬಣ್ಣ ಬೇಕಾದದ್ದು ಹಸಿರು ಗೆರೆಗಳಿಗಾಗಿ. ಈ ಉಪಾಯ ಗೊತ್ತಿಲ್ಲದವರು ಗಂಟೆಗಟ್ಟಲೆ ರಬ್ಬರ್ ಉಜ್ಜುತ್ತಾ ಕೂರುತ್ತಾರೆ. ಬಣ್ಣದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರಗಳಿರುತ್ತವೆ. ಹಸಿರು ಪದರ ಒಂದನ್ನೇ ತೆಗೆದು ನೋಡಿದರೆ ತಿಳಿಹಸಿರು ಗೆರೆಗಳು ಕಾಗದದಷ್ಟೇ ಬೆಳ್ಳಗೆ ಕಂಡು ಮಾಯವಾಗುತ್ತವೆ. ನೀಲಿ ಶಾಯಿ ಮಾತ್ರ ಕಪ್ಪಗೆ ನಿಲ್ಲುತ್ತದೆ. ಒಂದು ಕ್ಲಿಕ್ಕಿನಲ್ಲಿ ಗ್ರಾಫ್ ಹೋಗಿ ತೇರು ಉಳಿಯಿತು. ಅಲ್ಲಲ್ಲಿ ಕೆಂಪು ಶಾಯಿಯಲ್ಲೂ ಕೆಲವು ಹೊಲಿಗೆ ಬರೆದಿದ್ದರು, ನೀಲಿ ಮುಗಿದಿರಬೇಕು ಅಂದುಕೊಂಡೆ. ಹಸಿರು ಪದರದಲ್ಲಿ ಕೆಂಪೂ ಕಪ್ಪಾಗಿಯೇ ಕಾಣುತ್ತದೆ. ಇನ್ನೂ ಒಳ್ಳೆಯದಾಯಿತು. ಶಾಯಿ ಚುಕ್ಕಿ, ಎಣ್ಣೆ ಕಲೆ, ಧೂಳು ಎಲ್ಲವನ್ನೂ 'ಚುಕ್ಕಿ ತೆಗೆ' ಎಂಬ ಆಜ್ಞೆ ಕೊಟ್ಟು ಅಳಿಸಿದೆ.

ಮುಂದಿನದು ನಡುಗೆರೆ ಟ್ರೇಸ್. ಇಂಕ್‌ಸ್ಕೇಪ್‌ನ 1.0 ಆವೃತ್ತಿ 2020ರಲ್ಲಿ ಬಂದಾಗ ಇದೂ ಅದರೊಳಗೆ ಸೇರಿತು. ಅಂಚು ಹಿಡಿಯುವ ಬದಲು ಇದು ಗೆರೆಯನ್ನು ಎರಡೂ ಕಡೆಯಿಂದ ಸವೆಸುತ್ತಾ ಹೋಗುತ್ತದೆ. ಒಂದು ಪಿಕ್ಸೆಲ್‌ನಷ್ಟು ಬೆನ್ನೆಲುಬು ಉಳಿದಾಗ ಅದರ ಮೇಲೆ ಗೆರೆ ಎಳೆಯುತ್ತದೆ. ಈಗ ಒಂದು ಹೊಲಿಗೆಗೆ ಒಂದೇ ಗೆರೆ. ಬೇಕಾದಂತೆ ದಪ್ಪ ಮಾಡಬಹುದು, ತೆಳು ಮಾಡಬಹುದು. ಖುಷಿಯಾಯಿತು.

ದೊಡ್ಡದು ಮಾಡಿ ನೋಡುವವರೆಗೆ ಖುಷಿ ಇತ್ತು. ಗೆರೆಗಳು ಕೂಡುವ ಕಡೆ ರಂಪ ಆಗಿತ್ತು. ಎರಡು ಓರೆ ಗೆರೆ ಒಂದನ್ನೊಂದು ಕತ್ತರಿಯಂತೆ ಹಾಯ್ದಾಗ, ಹಾಯುವ ಜಾಗದಲ್ಲಿ ಶಾಯಿ ಒಂದು ಗುಡ್ಡೆಯಾಗಿರುತ್ತದೆ. ಆ ಗುಡ್ಡೆಯನ್ನು ಸವೆಸಿದಾಗ ನಡುವೆ ಒಂದೇ ಬಿಂದು ಉಳಿಯುವುದಿಲ್ಲ. ಎರಡು ಕವಲು, ಅವೆರಡರ ನಡುವೆ ಒಂದು ಪುಟಾಣಿ ಸೇತುವೆ ಉಳಿಯುತ್ತದೆ. ಗೆರೆಯ ತುದಿಗಳಲ್ಲಿ ಜಾಲಿಮುಳ್ಳಿನ ಥರ ಸಣ್ಣ ಕವಲುಗಳು ಬೇರೆ. ಇದು ಇಂಕ್‌ಸ್ಕೇಪಿನ ತಪ್ಪಲ್ಲ. ಸವೆಸುವ ವಿಧಾನಗಳಿಗೆಲ್ಲ ಇದು ಹುಟ್ಟುಗುಣ. ತೇರಿನ ಗಾಲಿಯೊಳಗೆ ಮೆಂತೆ ಹೊಲಿಗೆ ತುಂಬಿತ್ತು. ಮೆಂತೆ ಅಂದರೆ ಕ್ರಾಸ್ ಸ್ಟಿಚ್, ಬರೀ ಕತ್ತರಿಗಳು. ಅಲ್ಲಿ ಉಳಿದದ್ದು ಜೇಡರ ಬಲೆ.

ಮೂರು ಸಂಜೆ ನೋಡ್‌ಗಳನ್ನು ಒಂದೊಂದಾಗಿ ಕೈಯಿಂದ ಎಳೆದು ಸರಿ ಮಾಡಿದೆ. ಒಂದು ಗಾಲಿಯೂ ಮುಗಿಯಲಿಲ್ಲ. ಈ ನಡುವೆ ಕಾಕೂ ಮನೆಗೆ ಹೋಗಿದ್ದೆ. ಒಬ್ಬ ಹುಡುಗಿ ಖಣದ ಮೇಲೆ ಗೋಪುರ ಹಾಕುತ್ತಿದ್ದಳು. ಬಟ್ಟೆಯ ಮೇಲೆ ಪೆನ್ಸಿಲಿನ ಗುರುತೇ ಇರಲಿಲ್ಲ. ಪಕ್ಕದಲ್ಲಿ ಹಳೆಯ ಜೆರಾಕ್ಸ್ ಇಟ್ಟುಕೊಂಡು, ಬಾಯಲ್ಲಿ ಎಣಿಸುತ್ತಾ ಸೂಜಿ ಹಾಕುತ್ತಿದ್ದಳು. ಕಸೂತಿ ಇರುವುದೇ ಹಾಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿಕೊಂಡು ಹೋಗುತ್ತಾರೆ. ಹಿಂದೆ ಗಂಟು ಹಾಕುವುದಿಲ್ಲ. ಜೆರಾಕ್ಸಿನಲ್ಲಿ ಗೆರೆ ಎಷ್ಟು ಅಂಕುಡೊಂಕು ಆಗಿದ್ದರೂ ಅವಳಿಗೆ ಲೆಕ್ಕಕ್ಕಿಲ್ಲ. ಯಾವ ಮನೆಯಿಂದ ಯಾವ ಮನೆಗೆ ಅನ್ನುವುದಷ್ಟೇ ಬೇಕು.

ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ನಾನು ಶಾಯಿಯನ್ನು ಟ್ರೇಸ್ ಮಾಡುತ್ತಾ ಕೂತಿದ್ದೆ. ಆ ತಾಯಿ ಬರೆದದ್ದು ಹೊಲಿಗೆಯನ್ನು. ಅವರ ಕೈ ನಡುಗಿದ್ದು, ನಿಬ್ಬು ಸೋರಿದ್ದು, ಗೆರೆ ಕಾಲು ಮಿಲಿಮೀಟರ್ ಆಚೆ ಹೋದದ್ದು, ಎಲ್ಲವನ್ನೂ ಕಂಪ್ಯೂಟರ್ ಭಕ್ತಿಯಿಂದ ಹಿಡಿದಿಡುತ್ತಿತ್ತು. ಅದಕ್ಕೆ ಚೌಕದ ವಿಷಯ ಯಾರೂ ಹೇಳಿರಲಿಲ್ಲ. ಹೇಳಬೇಕಾದವನೇ ಚೌಕವನ್ನು ಒಂದು ಕ್ಲಿಕ್ಕಿನಲ್ಲಿ ಮಾಯ ಮಾಡಿ ಬೆನ್ನು ತಟ್ಟಿಕೊಂಡಿದ್ದ.

ಹಾಗಾಗಿ ಟ್ರೇಸ್ ಬಿಟ್ಟೆ. ಪುಟವನ್ನು ಓದುವ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಬರೆದೆ. ಒಂದು ಹೊಲಿಗೆ ಅಂದರೆ ಗ್ರಾಫಿನ ಎರಡು ಮಿಲಿಮೀಟರ್. ತೇರು 46 ಹೊಲಿಗೆ ಅಗಲ, 58 ಹೊಲಿಗೆ ಎತ್ತರ. ಅಂದರೆ ಅಡ್ಡಕ್ಕೆ 47, ಉದ್ದಕ್ಕೆ 59 ಬಿಂದುಗಳು. ಅಕ್ಕಪಕ್ಕದ ಬಿಂದುಗಳ ನಡುವೆ ಅಡ್ಡ, ಉದ್ದ ಮತ್ತು ಎರಡು ಓರೆ ಸೇರಿ ಬರಬಹುದಾದ ಹೊಲಿಗೆಗಳನ್ನು ಲೆಕ್ಕ ಹಾಕಿದರೆ 10,776. ಪ್ರೋಗ್ರಾಂ ಕೇಳುವುದು ಒಂದೇ ಪ್ರಶ್ನೆ: ಈ ಎರಡು ಬಿಂದುಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ ಶಾಯಿ ಉದ್ದಕ್ಕೂ ಇದೆಯಾ? ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಇದ್ದರೆ ಹೊಲಿಗೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಅಲ್ಲ. ನಡುವೆ ಬಿದ್ದವು 31, ಅವನ್ನು ನಾನೇ ಕಣ್ಣಿಟ್ಟು ತೀರ್ಮಾನಿಸಿದೆ. ಮೆಂತೆಯ ಜೇಡರ ಬಲೆ ತಾನಾಗಿಯೇ ಬಗೆಹರಿಯಿತು. ಒಂದು ಮನೆಯ ಎರಡೂ ಓರೆಗಳಲ್ಲಿ ಶಾಯಿ ಇದ್ದರೆ ಅದು ಕತ್ತರಿ, ಅಷ್ಟೇ.

ಬರೆದಷ್ಟು ಸುಲಭವಾಗಿ ಇದು ನಡೆಯಲಿಲ್ಲ. ಬಿಂದುಗಳು ಎಲ್ಲಿವೆ ಅಂತ ಮೊದಲು ಗೊತ್ತಾಗಬೇಕಲ್ಲ. ತೇರಿನ ಎತ್ತರ 116 ಮಿಲಿಮೀಟರ್. ಪುಟ ಒಂದೇ ಒಂದು ಡಿಗ್ರಿ ವಾಲಿದ್ದರೂ ಕಳಸ ಎರಡು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅಂದರೆ ಪೂರ್ತಿ ಒಂದು ಹೊಲಿಗೆ. ವಾಲಿದ್ದನ್ನು ನೇರ ಮಾಡುವುದು ಸುಲಭ. ಆದರೆ ಹಳೆಯ ಕಾಗದ ಎಲ್ಲ ಕಡೆ ಒಂದೇ ಅಳತೆಯಲ್ಲಿ ಇರುವುದಿಲ್ಲ. 600 ಡಿಪಿಐನಲ್ಲಿ ಎರಡು ಮಿಲಿಮೀಟರ್ ಅಂದರೆ 47 ಪಿಕ್ಸೆಲ್ ಚಿಲ್ಲರೆ. ಹೊಲಿಗೆ ಕಟ್ಟಿದ ಬದಿಯಲ್ಲಿ ಹಾಳೆ ಗಾಜಿನಿಂದ ಸ್ವಲ್ಪ ಮೇಲೆದ್ದು ಅದು 45 ಆಗಿತ್ತು. ತೇವ ತಾಗಿ ಉಬ್ಬಿದ ಹೊರಬದಿಯಲ್ಲಿ 48. ಹೊಲಿಗೆಗೆ ಒಂದೇ ಪಿಕ್ಸೆಲ್ ತಪ್ಪಿದರೂ ಇಪ್ಪತ್ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಅರ್ಧ ಮನೆ ದಾಟಿರುತ್ತೀರಿ. ಆಮೇಲೆ ಓದುವುದೆಲ್ಲ ಪಕ್ಕದ ಮನೆಯ ವಿಷಯ.

ಇಲ್ಲಿ ಕೈಹಿಡಿದದ್ದು ನಾನು ಅಳಿಸಿಹಾಕಿದ್ದ ಹಸಿರು ಗೆರೆಗಳು. ಮೂಲ ಸ್ಕ್ಯಾನ್ ಬಣ್ಣದಲ್ಲಿ ಇದ್ದದ್ದು ಪುಣ್ಯ. ಕೆಂಪು ಪದರದಲ್ಲಿ ಹಸಿರು ಗೆರೆ ಚೆನ್ನಾಗಿ ಕಾಣುತ್ತದೆ. ಸೆಂಟಿಮೀಟರಿನ ದಪ್ಪ ಗೆರೆಗಳನ್ನು ಅಲ್ಲಿ ಹುಡುಕಿಸಿ, ಅವು ಕೂಡುವ ಜಾಗಗಳನ್ನು ಗುರುತು ಹಾಕಿಸಿದೆ. ಪ್ರತಿ ಸೆಂಟಿಮೀಟರ್ ಚೌಕವನ್ನೂ ಅದರ ನಾಲ್ಕು ಮೂಲೆಗಳ ಲೆಕ್ಕದಲ್ಲೇ ಐದು ಪಾಲು ಮಾಡಿದೆ. ಕಾಗದ ಎಲ್ಲಿ ಉಬ್ಬಿದೆಯೋ ಅಲ್ಲಿ ನನ್ನ ಬಿಂದುಗಳೂ ಜೊತೆಗೆ ಉಬ್ಬಿದವು. ಗ್ರಾಫಿನ ಗೆರೆ ಬಾಗಿದರೆ ಶಾಯಿಯ ಗೆರೆಯೂ ಅಷ್ಟೇ ಬಾಗಿರುತ್ತದೆ. ಎರಡೂ ಒಂದೇ ಹಾಳೆಯ ಮೇಲೆ ಇರುವಂಥವು ತಾನೇ!

ಕೊನೆಗೆ ಬಂದ ಫೈಲು ನೋಡಿ ನಗು ಬಂತು. ಒಂದು ಹೊಲಿಗೆಗೆ ನಾಲ್ಕು ಸಣ್ಣ ಅಂಕಿ, ಎಲ್ಲಿಂದ ಎಲ್ಲಿಗೆ ಅಂತ. ಅಂಥ 612 ಸಾಲು. ಅದನ್ನು ಎಸ್‌ವಿಜಿ (ವೆಕ್ಟರ್ ಚಿತ್ರದ ಫೈಲು) ಮಾಡಿದರೆ ಅಂಗೈಯಷ್ಟಾದರೂ ಪ್ರಿಂಟ್ ತೆಗೆಯಬಹುದು, ಗೋಡೆಯಷ್ಟಾದರೂ ತೆಗೆಯಬಹುದು. ಕೆಳಗೆ ಮನೆಗಳ ತಿಳಿ ಗೆರೆ ಬೇರೆ ಪದರದಲ್ಲಿ, ಐದು ಮನೆಗೊಂದು ದಪ್ಪ ಗೆರೆ.

ತೇರಿನ ತಳದ ಪಟ್ಟಿ ನೇಯ್ಗೆ ಹೊಲಿಗೆಯದು. ನೇಯ್ದ ಬಟ್ಟೆಯಂತೆ ಕಾಣುವ, ಉದ್ದ ಗಿಡ್ಡ ಓಡುವ ಅಡ್ಡ ಹೊಲಿಗೆ. ಅಲ್ಲಿ ಒಂದು ಹೊಲಿಗೆ ಅಂದರೆ ಒಂದು ಮನೆ ಅನ್ನುವ ನನ್ನ ಲೆಕ್ಕ ನಡೆಯುವುದಿಲ್ಲ. ಅದನ್ನು ಬೇರೆಯಾಗಿ ಕೈಯಲ್ಲೇ ಎಳೆದೆ, 612ರಲ್ಲಿ ಅದು ಸೇರಿಲ್ಲ.

ಇನ್ನು ತಪ್ಪು ಹುಡುಕುವ ಕೆಲಸ. ತೇರಿನ ಮೈಯೆಲ್ಲ ಗವಂತಿ ಹೊಲಿಗೆ. ಗವಂತಿಯಲ್ಲಿ ದಾರ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಅಂತ ಓಡುತ್ತಾ ಹೋಗುತ್ತದೆ. ಹೊರಳಿ ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬಿಕೊಂಡು ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ. (ಯುರೋಪಿನಲ್ಲಿ ಇದೇ ಹೊಲಿಗೆಗೆ ಹೋಲ್ಬೈನ್ ಅಂತ ಹೆಸರು. ಆ ಹೆಸರಿನ ಕಲಾವಿದ ಹದಿನಾರನೇ ಶತಮಾನದಲ್ಲಿ ಬರೆದ ಭಾವಚಿತ್ರಗಳ ಕಾಲರು, ತೋಳಿನ ತುದಿಗಳಲ್ಲಿ ಈ ಹೊಲಿಗೆ ಕಾಣುತ್ತದೆ.) ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹಾಯುತ್ತದೆ. ಹಾಗಾಗಿ ಚಿತ್ರ ಎಲ್ಲೂ ಕಡಿಯದೆ ಕೂಡಿಕೊಂಡಿದ್ದರೆ ಸಾಕು, ಒಂದೇ ದಾರದಲ್ಲಿ ಪೂರ್ತಿ ಹೊಲಿದು ವಾಪಸ್ ಬರಬಹುದು. ಇದಕ್ಕೆ ಗಣಿತದ ಸಾಕ್ಷಿಯೂ ಇದೆ. ಕೂಡಿಕೊಂಡಿದೆಯಾ ಅಂತ ನೋಡುವುದು ಕಂಪ್ಯೂಟರಿಗೆ ಚಿಟಿಕೆ ಕೆಲಸ.

ನೋಡಿಸಿದೆ. ಐದು ತುಂಡು ಅಂತ ಬಂತು. ಒಂದು ತೇರು. ಎರಡು ಪತಾಕೆಗಳು, ಬುಡದಲ್ಲಿ ಶಾಯಿ ಮಾಸಿ ಒಂದೊಂದು ಹೊಲಿಗೆ ತಪ್ಪಿದ್ದವು. ನಾಲ್ಕನೆಯದು ಎಣ್ಣೆ ಕಲೆ, ಹೊಲಿಗೆಯ ವೇಷ ಹಾಕಿ ಕೂತಿತ್ತು. ಐದನೆಯದು ಮೇಲೆ ಹಾರುವ ಗಿಳಿ. ಅದನ್ನೂ ತೇರಿಗೆ ಕೂಡಿಸಲು ಹೊರಟಿದ್ದೆ. "ಗಿಳಿಗೆ ಬ್ಯಾರೆ ದಾರ" ಅಂತ ಕಾಕೂ ತಡೆದರು.

ಆಮೇಲೆ ನಡುವೆ ಮಡಚಿದಂತೆ ಎಡಬಲ ಹೋಲಿಸಿದೆ. ಒಂಬತ್ತು ಕಡೆ ವ್ಯತ್ಯಾಸ ಬಂತು. ಆರು ನನ್ನ ಓದಿನ ತಪ್ಪುಗಳು, ಸರಿ ಮಾಡಿದೆ. ಎರಡು ಕಡೆ ಪುಸ್ತಕದಲ್ಲೇ ಬಲಗಡೆ ಒಂದು ಹೊಲಿಗೆ ಇರಲಿಲ್ಲ. ತಾಯಿ ಮರೆತದ್ದೋ, ಬೇಕೆಂದೇ ಬಿಟ್ಟದ್ದೋ? ಕಾಕೂ ಬೆರಳಿಟ್ಟು ದಾರದ ದಾರಿ ಹಿಡಿದು ಹೋಗಿ ನೋಡಿದರು. "ಮರ್ತಾಳ, ಹಾಕು" ಅಂದರು. ಒಂಬತ್ತನೆಯದು ಪತಾಕೆಗಳದು. ಎರಡೂ ಬಲಕ್ಕೇ ಹಾರುತ್ತಿದ್ದವು. ಎಡದ್ದನ್ನು ಎಡಕ್ಕೆ ತಿರುಗಿಸಲಾ ಅಂತ ಕೇಳಿದೆ. ನನ್ನ ಮುಖ ನೋಡಿದರು. "ಗಾಳಿ ಎರಡೂ ಕಡೆಯಿಂದ ಬೀಸ್ತದೇನೋ?"

ಎಲ್ಲ ಮುಗಿಯಿತು ಅಂತ ದೊಡ್ಡ ಪ್ರಿಂಟ್ ತೆಗೆಸಿ ಅವರ ಪಡಸಾಲೆಯಲ್ಲಿ ಹರವಿದೆ. ಬಹಳ ಹೊತ್ತು ನೋಡಿದರು. ಮೂಲ ಪುಸ್ತಕ ತೆಗೆದು ಪಕ್ಕಕ್ಕೆ ಇಟ್ಟುಕೊಂಡರು. "ಕೆಂಪು ಎಲ್ಲಿ ಹೋತು ತಮ್ಮಾ?"

ನೀಲಿ ಶಾಯಿ ಮುಗಿದಿರಲಿಲ್ಲ. ತೇರಿನ ಹೊರಗೆರೆಯಲ್ಲಿ ಒಂದು ನೀಲಿ, ಒಂದು ಕೆಂಪು, ಮತ್ತೆ ನೀಲಿ ಅಂತ ಬರೆದಿದ್ದರು. ನೀಲಿ ಅಂದರೆ ಹೋಗುವಾಗ ಮೇಲೆ ಕಾಣುವ ಹೊಲಿಗೆ. ಕೆಂಪು ಅಂದರೆ ಹೊರಳಿ ಬರುವಾಗ ತುಂಬುವುದು. ಕವಲು ಒಡೆಯುವ ಕಡೆ ಕಲಿಯುವವರು ದಾರಿ ತಪ್ಪದಿರಲಿ ಅಂತ ಹಾಕಿದ್ದ ಗುರುತು ಅದು. ಹಸಿರು ಪದರದಲ್ಲಿ ಎರಡೂ ಕಪ್ಪಾಗಿ ಕಂಡದ್ದಕ್ಕೆ ನಾನು ಖುಷಿಪಟ್ಟಿದ್ದೆ!

ಇದನ್ನು ಸರಿ ಮಾಡುವುದು ಕಷ್ಟವಾಗಲಿಲ್ಲ. ಪ್ರತಿ ಹೊಲಿಗೆ ಎಲ್ಲಿದೆ ಅಂತ ಫೈಲಿಗೆ ಈಗ ಗೊತ್ತು. ಮೂಲ ಸ್ಕ್ಯಾನ್‌ಗೆ ಹೋಗಿ, ಆ ಹೊಲಿಗೆಯ ನಟ್ಟನಡುವಿನ ಬಣ್ಣ ನೋಡಿ ಬಾ ಅಂದರೆ ಸಾಕು. ಹತ್ತು ಸಾಲಿನ ಕೆಲಸ. ಗೆರೆಗಳು ನೀಲಿ ಕೆಂಪಾಗಿ ತಿರುಗಿದವು. ಹೊಸ ಪ್ರಿಂಟ್ ತಂದುಕೊಟ್ಟೆ. ಕಾಕೂ ತಲೆ ಆಡಿಸಿ, ಸೀಸದ ಕಡ್ಡಿ ತೆಗೆದುಕೊಂಡು ಎಡಗಾಲಿಯ ಕೆಳಗೆ ಒಂದು ಚುಕ್ಕಿ ಇಟ್ಟರು. ಇದೇನು ಅಂದೆ. ಸೂಜಿ ಮೊದಲು ಚುಚ್ಚುವ ಜಾಗ, ಅವ್ವ ಎಲ್ಲ ಚಿತ್ರಕ್ಕೂ ಇಟ್ಟಿರುತ್ತಿದ್ದಳು ಅಂದರು.

ಅವತ್ತಿಗೆ 29 ಪುಟ ಮುಗಿಸಿದ್ದೆ. ಮನೆಗೆ ಬಂದು ಎಲ್ಲದರ ಮೂಲ ಸ್ಕ್ಯಾನ್ ತೆಗೆದು, 'ಚುಕ್ಕಿ ತೆಗೆ' ಕೊಡುವ ಮೊದಲು ಏನಿತ್ತು ಅಂತ ಒಂದೊಂದಾಗಿ ನೋಡಿದೆ. 19 ಪುಟಗಳಲ್ಲಿ ಚುಕ್ಕಿ ಸಿಕ್ಕಿತು. ಉಳಿದ ಹತ್ತರಲ್ಲಿ ಯಾವುದು ಶಾಯಿ ಸಿಡಿದದ್ದು, ಯಾವುದು ಸೂಜಿಯದು ಅಂತ ಹೇಳಲು ಕಾಕೂ ಬರುವ ಆದಿತ್ಯವಾರ ಬರುತ್ತೇನೆ ಅಂದಿದ್ದಾರೆ.